ಅವ್ವನ ಎಲೆಗೆ ಏನು ಬಡಿಸುವುದು

ಸೆಪ್ಟೆಂಬರ್ 8, ಸೋಮವಾರ

ಕಳೆ ತೆಗೆಯುವ ಕೆಲಸ ಇವತ್ತೂ ಅರ್ಧಕ್ಕೆ ನಿಂತಿತು. ಎಂಟೂವರೆಗೆ ಅರಣ್ಯ ಇಲಾಖೆಯ ಮೆಸೇಜ್. ಆನೆಗಳು ಈ ಕಡೆ ದಾಟಿವೆ, ತೋಟಕ್ಕೆ ಇಳಿಯಬೇಡಿ. ಹೆಣ್ಣಾಳು ಹದಿನಾಲ್ಕು, ಗಂಡಾಳು ಆರು. ಎಲ್ಲರನ್ನೂ ಸ್ಟೋರ್ ಹತ್ತಿರ ಕೂರಿಸಿದೆ. ಸಾಹುಕಾರರು ಫೋನಿನಲ್ಲಿ ನನ್ನ ಮೇಲೆ ರೇಗಿದರು, ಆನೆಗಳನ್ನು ನಾನೇ ಕರೆದುಕೊಂಡು ಬಂದ ಹಾಗೆ. ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿ ಮೂವತ್ತು ವರ್ಷ. ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿದೆ.

ಮನೆಗೆ ಬಂದು ಶರ್ಟು ಬಿಚ್ಚಿಲ್ಲ, ಅಣ್ಣನ ಫೋನು. ಹಾಸನದಲ್ಲಿ ಕೂತು ಹುಕುಂ.

"ಏ ಯೋಗ, ಈ ಸಲ ಹಿರಿಯರ ಹಬ್ಬ ಗ್ರ್ಯಾಂಡಾಗಿ ಆಗ್ಬೇಕು ಕಣೋ. ಅವ್ವಂದು ಮೊದಲ್ನೇ ಎಡೆ. ಯಾರೂ ತಪ್ಪಿಸ್ಕಳಂಗಿಲ್ಲ. ಫ್ಯಾಮಿಲಿ ಅಂದ್ರೆ ಒಟ್ಟಿಗೆ ಇರ್ಬೇಕು."

ಅವ್ವ ಹೋಗಿ ಕಳೆದ ತಿಂಗಳಿಗೆ ವರ್ಷ ತುಂಬಿತು. ವರ್ಷ ತುಂಬುವ ತನಕ ನಮ್ಮಲ್ಲಿ ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಈ ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಲೆಯ ಪಕ್ಕದಲ್ಲಿ ಅವಳ ಎಲೆ ಬೀಳುತ್ತದೆ. ಅದೆಲ್ಲ ಸರಿ. ಆದರೆ ಗ್ರ್ಯಾಂಡಾಗಿ ಮಾಡುವವರು ಯಾರು? ನನ್ನ ಹೆಂಡತಿ ನೇತ್ರಾ. ಹದಿನೇಳು ಜನಕ್ಕೆ. ರವಿಚಂದ್ರ ಸಾಹೇಬರು ಬರುವುದು ಹನ್ನೊಂದು ಗಂಟೆಗೆ, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ. ಅಣ್ಣ ಅಂತ ಸುಮ್ಮನಿದ್ದೇನೆ.

ಸೆಪ್ಟೆಂಬರ್ 10, ಬುಧವಾರ, ಸಂಜೆ

ಎಡೆಯ ಪಟ್ಟಿ ಬರೆಯಲು ಕೂತೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಅವರವರ ಎಲೆಗೆ ಬಡಿಸಬೇಕು. ಪ್ರತಿ ವರ್ಷ ಬರೆಯುವ ಪಟ್ಟಿಯೇ.

ಅಪ್ಪ: ನಾಟಿಕೋಳಿ ಸಾರು, ಕಡುಬು, ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. (ಬೆಂಕಿಪೊಟ್ಟಣ ಮರೆತ ವರ್ಷ ವಾಪಸ್ ಹೋಗುವಾಗ ಅಣ್ಣನ ಕಾರು ಕೆಟ್ಟು ನಿಂತಿತ್ತು. ಅಪ್ಪನೇ ನಿಲ್ಲಿಸಿದ್ದು ಎಂದು ಇವತ್ತಿಗೂ ನಂಬಿದ್ದಾನೆ.)

ದ್ಯಾವಯ್ಯ ದೊಡ್ಡಪ್ಪ: ಹಂದಿ ಮಾಂಸ, ಉದ್ದಿನ ವಡೆ, ನಶ್ಯದ ಡಬ್ಬಿ.

ತಾತ: ರಾಗಿಮುದ್ದೆ, ಒಣಮೀನಿನ ಸಾರು, ಬೆಲ್ಲದ ಕಾಫಿ.

ಅಜ್ಜಿ: ಎಲೆ ಅಡಿಕೆ. ಮಿಕ್ಕಂತೆ ತಾತನಿಗೆ ಹಾಕಿದ್ದೇ.

ಅವ್ವ:

ಇಲ್ಲಿ ಪೆನ್ನು ನಿಂತಿತು. ಎರಡು ನಿಮಿಷ. ಐದು ನಿಮಿಷ. ಐವತ್ತಮೂರು ವರ್ಷ ಒಂದೇ ಸೂರಿನ ಕೆಳಗಿದ್ದೆ ನಾನು. ಅವಳು ಮಾಡಿ ಹಾಕಿದ ಅಡುಗೆಗಳೆಲ್ಲ ಸಾಲಾಗಿ ನೆನಪಾದವು. ಅವಳು ಕೂತು ತಿಂದದ್ದು ಒಂದೂ ನೆನಪಾಗಲಿಲ್ಲ.

"ನೇತ್ರಾ, ಅವ್ವಂಗೆ ಏನ್ ಇಷ್ಟ ಇತ್ತು?"

"ನಿಮ್ಮವ್ವ. ನಿಮಗೇ ಗೊತ್ತಿರ್ಬೇಕು" ಅಂದಳು ಒಳಗಿನಿಂದ. ಒಗ್ಗರಣೆ ಹಾಕುತ್ತಿದ್ದಳು.

ಕಳಲೆ ಪಲ್ಯ ಅಂತ ಬರೆದೆ. ಆ ಎಳೆ ಬಿದಿರಿನ ಮೊಳಕೆ ಹೆಚ್ಚಿ, ಮೂರು ದಿನ ನೀರು ಬದಲಾಯಿಸಿ, ನಾಲ್ಕನೇ ದಿನ ಹೆಸರುಕಾಳು ಹಾಕಿ ಮಾಡುತ್ತಿದ್ದಳು. ಇಷ್ಟವಿಲ್ಲದೆ ಯಾರಾದರೂ ಅಷ್ಟು ಕಷ್ಟಪಡುತ್ತಾರೆಯೇ? ಪಟ್ಟಿಯ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಗ್ರೂಪಿನ ಹೆಸರು 'ರಾಮಯ್ಯನವರ ಕುಟುಂಬ'. ಅಪ್ಪನ ಹೆಸರು. ಮಾದೇವಮ್ಮ ಅಂತ ಒಬ್ಬಳಿದ್ದಳು ಎಂದು ಇಟ್ಟವರಿಗೆ ನೆನಪಾಗಿಲ್ಲ. ಇಟ್ಟವನು ನಾನೇ.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ನೋಡಿದರೆ ಗ್ರೂಪಿನಲ್ಲಿ ಯುದ್ಧ.

ಅಣ್ಣ: "ಕಳಲೆ ಯಾರು ಹೇಳಿದ್ದು? ಅವ್ವನಿಗೆ ಹೋಳಿಗೆ ಅಂದ್ರೆ ಪ್ರಾಣ." ಕೆಳಗೆ ಕೈಮುಗಿದ ಗೊಂಬೆ ಐದು.

ತಂಗಿ ಸುಚಿತ್ರಾ ಬಾಳ್ಳುಪೇಟೆಯಿಂದ ವಾಯ್ಸ್ ಮೆಸೇಜ್. ಎರಡು ನಿಮಿಷ ನಲವತ್ತು ಸೆಕೆಂಡ್. "ಇಬ್ರಿಗೂ ಗೊತ್ತಿಲ್ಲ ಬುಡ್ರಣ್ಣ. ಅವ್ವಂಗೆ ಮೈಸೂರ್ ಪಾಕ್ ಇಷ್ಟ. ನಮ್ ಬೇಕ್ರೀದು. ನಾನು ಬಂದಾಗೆಲ್ಲ ಅರ್ಧ ಕೆಜಿ ತರ್ತಿರ್ಲಿಲ್ವ? ಬಾಕ್ಸ್ ಕಂಡ್ರೆ ಮುಖ ಅರಳ್ತಿತ್ತು." ಹಿಂದೆ ಲಾರಿ ಹಾರನ್, ಯಾರೋ ಪಫ್ಸ್ ಕೇಳುತ್ತಿರುವುದು.

ಆ ಬಾಕ್ಸು ಅವಳು ಬಸ್ಸು ಹತ್ತುವುದರೊಳಗೆ ನನ್ನ ಮಗಳ ಕೈಯಲ್ಲಿ ಇರುತ್ತಿತ್ತು. ಅವ್ವ ಒಂದು ಚೂರು ಮುರಿದು ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಅದನ್ನೇ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿ ಕಳಿಸಿಯೇಬಿಟ್ಟೆ. ಸುಚಿತ್ರಾ ಗ್ರೂಪ್ ಬಿಟ್ಟು ಹೋದಳು. ಅಣ್ಣ ಮತ್ತೆ ಸೇರಿಸಿದ. ಅವಳು ಮತ್ತೆ ಬಿಟ್ಟಳು.

ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿ ಕಲಸುವವನು ಸುಣ್ಣ ಹೆಚ್ಚು ಹಾಕಿದ. ಅವನಿಗೆ ಚೆನ್ನಾಗಿ ಬೈದೆ. ಅವನದು ಅಷ್ಟೇನೂ ತಪ್ಪಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮಗಳು ಪೂಜಿತಾ ಹಾಸ್ಟೆಲಿನಿಂದ ಬಂದಿದ್ದಾಳೆ. ಜಗಳ ಬಿಡಿಸುತ್ತೇನೆ ಅಂತ ಗ್ರೂಪಿನಲ್ಲಿ ಪೋಲ್ ಹಾಕಿದಳು. 'ಅಜ್ಜಿಗೆ ಏನು ಇಷ್ಟ? ಒಂದನ್ನು ಒತ್ತಿ.' ಹೋಳಿಗೆ. ಮೈಸೂರ್ ಪಾಕ್. ಕಳಲೆ ಪಲ್ಯ.

ಸತ್ತ ತಾಯಿಯ ಊಟಕ್ಕೆ ಎಲೆಕ್ಷನ್! ಹೋಳಿಗೆಗೆ ಒಂಬತ್ತು. ಮೈಸೂರ್ ಪಾಕಿಗೆ ನಾಲ್ಕು. ಕಳಲೆಗೆ ಎರಡು. ಅದರಲ್ಲಿ ಒಂದು ನನ್ನದು, ಇನ್ನೊಂದು ನನ್ನ ಮುಖ ನೋಡಿ ಪೂಜಿತಾ ಒತ್ತಿದ್ದು. ಅಣ್ಣನ ಮಗಳು ರಶ್ಮಿತಾ ಹೋಳಿಗೆಗೆ ಒತ್ತಿದ್ದಾಳೆ. ಅಜ್ಜಿಯ ಜೊತೆ ಒಟ್ಟು ನಾಲ್ಕು ದಿನ ಇದ್ದವಳು.

"ನಿಮ್ಮಮ್ಮ ಯಾಕೆ ಓಟ್ ಹಾಕಿಲ್ಲ?" ಅಂದೆ.

"ಕೇಳಿದೆ ಅಪ್ಪ. 'ನನ್ನದು ಅದರಲ್ಲಿ ಇಲ್ಲ' ಅಂದ್ಲು. ಇತರೆ ಅಂತ ಒಂದು ಹಾಕ್ಲಾ ಅಂದೆ. ಅಕ್ಕಿ ನೆನೆಹಾಕೋಕೆ ಎದ್ದು ಹೋದ್ಲು."

ಸೆಪ್ಟೆಂಬರ್ 15, ಸೋಮವಾರ

ಇವತ್ತು ತಿಂಡಿ ತಿನ್ನುತ್ತಾ ಅಣ್ಣನ ಮೇಲಿನ ಸಿಟ್ಟೆಲ್ಲ ಕಾರಿಕೊಂಡೆ. ಹೋಳಿಗೆ ಅವ್ವನಿಗೆ ಇಷ್ಟವಂತೆ, ಇವನು ಬರುತ್ತಾನೆ ಅಂದರೆ ಮಾಡುತ್ತಿದ್ದಳು, ಅಷ್ಟೆ.

ನೇತ್ರಾ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೌದು. ಹೋಳಿಗೆ ದೊಡ್ ಭಾವನಿಗೆ ಇಷ್ಟ. ಮೈಸೂರ್ ಪಾಕ್ ಸುಚಿತ್ರನಿಗೆ ಇಷ್ಟ, ಅದುಕ್ಕೇ ಬೇಕ್ರಿಯೋನ್ನೇ ಕಟ್ಕಂಡ್ಲು."

ನಕ್ಕೆ. ಜೋರಾಗಿಯೇ ನಕ್ಕೆ. ಅದು ಸರಿಯಾಗಿ ಹೇಳಿದೆ ಅಂದೆ.

"ಕಳಲೆ ಯಾರಿಗ್ರೀ ಇಷ್ಟ?"

ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದಳು.

"ಅತ್ತೆ ಕಳಲೆ ತಿಂತಿರ್ಲಿಲ್ಲ. ತಿಂದ್ರೆ ಮೈಯೆಲ್ಲ ಕಡಿತ ಬರ್ತಿತ್ತು. ಉಪ್ಪು ನೋಡೋಕೂ ನನ್ನನ್ನೇ ಕರೀತಿದ್ರು. ಇಪ್ಪತ್ನಾಕು ವರ್ಷ ನಾನೇ ಉಪ್ಪು ನೋಡಿದ್ದು."

ಮೊದಲೇ ಹೇಳುವುದಕ್ಕೇನಾಗಿತ್ತು ಅಂತ ಕಿರುಚಿದೆ. ತಟ್ಟೆ ತಳ್ಳಿ ಎದ್ದೆ. ಸ್ಕೂಟರ್ ಕಿಕ್ ಹೊಡೆದು ಹೊಡೆದು ಕಾಲು ನೋವು. ಸಂಜೆ ತನಕ ಮನೆಗೆ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮೂರು ದಿನ ಬರೆಯಲಿಲ್ಲ. ಬರೆಯಲು ಕೂತರೆ ಆ ಖಾಲಿ ಸಾಲು ಕಾಣುತ್ತದೆ.

ಇವತ್ತು ಆಳುಗಳ ಲೈನ್ ಮನೆಗಳ ಕಡೆ ಹೋಗಿ ಚಿನ್ನಮ್ಮನನ್ನು ಹಿಡಿದೆ. ನಾವು ಚಿಕ್ಕವರಿದ್ದಾಗ ಅವ್ವ ಕಾಫಿ ಹಣ್ಣು ಕುಯ್ಯಲು ಈ ಎಸ್ಟೇಟಿಗೇ ಬರುತ್ತಿದ್ದಳು, ಚಿನ್ನಮ್ಮನ ಜೊತೆ, ಒಂದೇ ಸಾಲಿನಲ್ಲಿ. ಮಧ್ಯಾಹ್ನ ಇಬ್ಬರೂ ಒಂದೇ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಇವಳಿಗಾದರೂ ಗೊತ್ತಿರಬೇಕು.

"ಬುತ್ತಿಗೆ ಏನ್ ತರ್ತಿತ್ತು ಚಿನ್ನಮ್ಮ, ನಮ್ಮವ್ವ?"

"ಏನ್ ತರ್ತಿತ್ತು ರೈಟ್ರೇ? ರಾತ್ರೆ ನೀವೆಲ್ಲ ಉಂಡು ಮಿಕ್ಕಿದ್ನ ತರ್ತಿತ್ತು. ಮುದ್ದೆ ಮಿಕ್ರೆ ಮುದ್ದೆ, ಅನ್ನ ಮಿಕ್ರೆ ಅನ್ನ. ಏನೂ ಮಿಕ್ದೆ ಇದ್ರೆ ನನ್ ಡಬ್ಬಿಗೇ ಕೈ ಹಾಕ್ತಿತ್ತು."

"ಅದಲ್ಲ. ಇಷ್ಟ ಏನಿತ್ತು ಅಂತ."

ಮುದುಕಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂತು. "ನಾನೂ ಒಂದ್ಸಲ ಕೇಳಿದ್ದೆ ಕಣಪ್ಪ. ನಕ್ಬುಡ್ತು. 'ಮಿಕ್ಕಿದ್ದೇ ನಂಗಿಷ್ಟ ಕಣೇ ಚಿನ್ನಿ' ಅಂತು. ತಮಾಸೆಗೆ ಅಂದಿದ್ದೋ ಏನೋ."

ತಮಾಷೆಯಂತೆ! ಸ್ಟೋರಿಗೆ ಬಂದು ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವಾಗ ಮೂರು ಹೆಸರು ತಪ್ಪಾಯಿತು. ಎಡೆಯ ಅಡುಗೆ ಮೀಸಲು. ಯಾರೂ ಮುಟ್ಟುವ ಹಾಗಿಲ್ಲ, ಉಪ್ಪು ನೋಡುವ ಹಾಗಿಲ್ಲ, ಮಕ್ಕಳು ಅತ್ತರೂ ಕೊಡುವ ಹಾಗಿಲ್ಲ. ಮೊದಲು ಹಿರಿಯರಿಗೆ. ಜೀವಮಾನವಿಡೀ ಕೊನೆಗೆ ಉಂಡವಳಿಗೆ ಈಗ ಮೊದಲು ಬಡಿಸಬೇಕು. ಮಿಕ್ಕಿದ್ದನ್ನು ಎಲ್ಲಿಂದ ತರಲಿ?

ನನಗೆ ಸಿಟ್ಟು ಬರುತ್ತಿದೆ. ಯಾರ ಮೇಲೆ ಅಂತ ಕೇಳಿದರೆ ಒಂದೊಂದು ಹೊತ್ತಿಗೆ ಒಬ್ಬೊಬ್ಬರ ಮೇಲೆ. ಈಗ ಅವ್ವನ ಮೇಲೆ. ಒಂದು ದಿನವಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ?

ಸೆಪ್ಟೆಂಬರ್ 21, ಭಾನುವಾರ, ಬೆಳಿಗ್ಗೆ 6

ಅಮಾವಾಸ್ಯೆ. ನೇತ್ರಾ ನಾಲ್ಕಕ್ಕೇ ಎದ್ದಿದ್ದಾಳೆ. ಕಡುಬಿನ ಹಬೆ ನಡುಮನೆ ತನಕ ಬಂದಿದೆ. ಐದು ಎಲೆ ತೊಳೆದು ಒರೆಸಿಟ್ಟೆ. ಅವ್ವನ ಫೋಟೊ ಗೋಡೆಗೆ ಹಾಕಿದೆ. ಒಂಟಿ ಫೋಟೊ ಎಲ್ಲೂ ಇರಲಿಲ್ಲ. ಅಣ್ಣನ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದವರ ಭುಜ ಅಂಚಿನಲ್ಲಿ ಉಳಿದಿದೆ.

ಇವತ್ತು ಜಗಳ ಆಡುವುದಿಲ್ಲ. ಏನು ಬೇಕಾದರೂ ಬಡಿಸಲಿ.

ಅದೇ ದಿನ, ಸಂಜೆ 6

ಆಡಿದೆ.

ಮರೆಯುವ ಮುಂಚೆ ಬರೆದುಬಿಡುತ್ತೇನೆ. ಅಣ್ಣ ಹನ್ನೊಂದೂಕಾಲಿಗೆ ಬಂದ. ಅತ್ತಿಗೆ ಕೈಯಲ್ಲಿ ಹೋಳಿಗೆ, ಹಾಸನದ ಅಂಗಡಿಯದು, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಸುಚಿತ್ರಾ ಗ್ರೂಪ್ ಬಿಟ್ಟವಳು ಹಬ್ಬ ಬಿಡಲಿಲ್ಲ. ಮೈಸೂರ್ ಪಾಕ್ ಒಂದು ಕೆಜಿ, ಮೇಲೆ ಅವರ ಬೇಕರಿಯ ಹೆಸರು. ಅಪ್ಪನ ಎಲೆ, ದೊಡ್ಡಪ್ಪನ ಎಲೆ, ತಾತನ ಎಲೆ, ಅಜ್ಜಿಯ ಎಲೆ ಯಾವ ತಕರಾರೂ ಇಲ್ಲದೆ ಬಡಿಸಿಯಾಯಿತು. ಬೀಡಿ, ಬೆಂಕಿಪೊಟ್ಟಣ, ನಶ್ಯ, ಎಲ್ಲವೂ ಜಾಗಕ್ಕೆ. ಅಣ್ಣ ಬ್ರಾಂದಿ ಮುಚ್ಚಳ ತಾನೇ ತೆಗೆದ.

ಅವ್ವನ ಎಲೆಗೆ ಬಂದಾಗ ಶುರುವಾಯಿತು. ಅಣ್ಣ ಹೋಳಿಗೆ ನಡುವಿಗೆ ಇಟ್ಟ. ಸುಚಿತ್ರಾ ಅದನ್ನು ಪಕ್ಕಕ್ಕೆ ಸರಿಸಿ ಮೈಸೂರ್ ಪಾಕ್ ಇಟ್ಟಳು. ಅಣ್ಣ ಅದನ್ನು ಸರಿಸಿದ.

"ಪೋಲಲ್ಲಿ ಹೋಳಿಗೆ ಗೆದ್ದೈತೆ ಕಣಮ್ಮ."

"ಗೆಲ್ಲೋಕೆ ಇದೇನ್ ಪಂಚಾಯ್ತಿ ಎಲೆಕ್ಷನ್ನೇನಣ್ಣ?"

ರಶ್ಮಿತಾ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. ಅಣ್ಣ ನನ್ನ ಕಡೆ ತಿರುಗಿ, "ಏ ಯೋಗ, ನಿನ್ ಕಳಲೆ ಎಲ್ಲೋ? ಅದ್ನೂ ಒಂಚೂರು ಹಾಕ್ಬುಡು, ಎಲ್ರದೂ ಆಗೋಗ್ಲಿ" ಅಂದ.

ಎಲ್ಲರದೂ ಆಗಿಹೋಗಲಿ! ಅಲ್ಲಿಗೆ ತಡೆಯಲು ಆಗಲಿಲ್ಲ.

"ಕಳಲೆ ತಿಂದ್ರೆ ಅವ್ವಂಗೆ ಮೈ ಕಡೀತಿತ್ತು. ಗೊತ್ತೇನೋ ನಿಂಗೆ? ನಂಗೂ ಗೊತ್ತಿರ್ಲಿಲ್ಲ. ಹೋಳಿಗೆ ನಿಂದು, ಮೈಸೂರ್ ಪಾಕ್ ಇವಳ್ದು, ಕಳಲೆ ನಂದು. ಇದು ಅವ್ವನ ಎಲೆ ಅಲ್ಲ ಕಣೋ, ನಮ್ ಎಲೆ. ನಾವು ತಿನ್ನೋದ್ನೇ ಅವಳ ಮುಂದೆ ಇಟ್ಕಂಡು ಕೈಮುಗೀತಿದೀವಿ. ನಾಚ್ಕೆ ಆಗ್ಬೇಕು ಮೂರು ಜನಕ್ಕೂ. ಎತ್ತಾಕು ಎಲ್ಲಾನೂವೆ!"

ನಾನೇ ಎತ್ತಿ ಹಾಕಿದೆ. ಎರಡನ್ನೂ. ಹೋಳಿಗೆ ತಟ್ಟೆಗೆ ಬೀಳದೆ ನೆಲಕ್ಕೆ ಬಿತ್ತು. ಸುಚಿತ್ರಾ ಅಳಲು ಶುರುಮಾಡಿದಳು. ಅಣ್ಣ ಕೆಂಪಾಗಿ ನನ್ನ ಮೇಲೆ ಬಂದ. ಸುಚಿತ್ರಾಳ ಗಂಡ ನಡುವೆ ನಿಂತರು. ಮಕ್ಕಳೆಲ್ಲ ಗೋಡೆಗೆ ಒರಗಿಕೊಂಡರು. ವಿಡಿಯೋ ನಿಂತಿತು.

ನೇತ್ರಾ ಒಳಗಿನಿಂದ ಬಂದು ಅವ್ವನ ಎಲೆಗೆ ಒಂದು ಕಡುಬು, ಒಂದು ಸೌಟು ಸಾರು ಬಡಿಸಿದಳು. ಆಗ ತಾನೇ ಒಲೆಯಿಂದ ಇಳಿಸಿದ್ದು, ಮಿಕ್ಕಿದ್ದಲ್ಲ. "ಧೂಪ ಹಾಕಿ, ಹೊತ್ತಾಯ್ತು" ಅಂದಳು, ಅಷ್ಟೆ.

ಹಿರಿಯರು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದು ನಿಂತೆವು. ಹದಿನೇಳು ಜನ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಣ್ಣ, ಯಾರಿಗೂ ಅಲ್ಲದ ಹಾಗೆ, "ಅವ್ವ ಕೂತು ಉಂಡಿದ್ದು ನಾನು ನೋಡೇ ಇಲ್ಲ" ಅಂದ.

"ನಾನು ನೋಡಿದೀನಿ" ಅಂದಳು ಸುಚಿತ್ರಾ, ಮೂಗು ಒರೆಸಿಕೊಂಡು. "ಒಂದ್ಸಲ. ನಿಂತ್ಕಂಡು. ಪಾತ್ರೆಲೇ."

"ಏನ್ ತಿಂತಿತ್ತು?"

"ಕತ್ಲಿತ್ತು ಕಣಣ್ಣ. ಕಾಣ್ಲಿಲ್ಲ."

ಅಣ್ಣ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. ಅಪ್ಪ ಹೋದಾಗಲೂ ಅತ್ತವನಲ್ಲ. ಸುಚಿತ್ರಾ ಅವನ ತೋಳು ಹಿಡಿದುಕೊಂಡಳು. ನನ್ನದೂ ಹಿಡಿದುಕೊಂಡಳು. ಮೂವರೂ ಒಟ್ಟಿಗೆ ಹಾಗೆ ನಿಂತು ಎಷ್ಟು ವರ್ಷವಾಗಿತ್ತೋ. ಸಿಟ್ಟು ಇನ್ನೂ ಇತ್ತು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಬಾಗಿಲು ತೆಗೆದು ಊಟಕ್ಕೆ ಕೂತೆವು. ಮೊದಲ ಪಂಕ್ತಿ ಗಂಡಸರು, ಮಕ್ಕಳು. ಹೊಟ್ಟೆ ತುಂಬ ತಿಂದೆ, ಸುಳ್ಳು ಯಾಕೆ ಬರೆಯಲಿ. ಸತ್ಯ ಹೇಳಿದ ಜಂಭವೂ ಸ್ವಲ್ಪ ಇತ್ತು.

ಮೂರೂವರೆಗೆ ನೀರು ಕುಡಿಯಲು ಅಡುಗೆಮನೆಗೆ ಹೋದರೆ ನೇತ್ರಾ ಆಗ ತಟ್ಟೆ ಹಾಕಿಕೊಂಡು ನೆಲಕ್ಕೆ ಕೂತಿದ್ದಳು. ಕಡುಬು ಮುಗಿದಿತ್ತು.

"ನೀನಾದ್ರೂ ನನ್ ಪರ ಒಂದು ಮಾತು ಆಡ್ಬೋದಿತ್ತು" ಅಂದೆ.

ಅವಳು ತಲೆಯೆತ್ತಿ ನೋಡಿದಳು. "ನಂಗೇನ್ ಇಷ್ಟ, ಹೇಳಿ ನೋಡಣ."

"ಕಾಫಿ" ಅಂದೆ, ತಕ್ಷಣ. ಅದು ಗೊತ್ತಿತ್ತು ನನಗೆ.

"ಕಾಫಿ ಬಿಟ್ಟು ಮೂರು ವರ್ಷ ಆಯ್ತು. ಗ್ಯಾಸ್ಟ್ರಿಕ್ಕು. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದು ನೀವೇ."

ಸೆಪ್ಟೆಂಬರ್ 22, ಸೋಮವಾರ

ಗ್ರೂಪಿಗೆ ಅಣ್ಣ ಫೋಟೊ ಹಾಕಿದ್ದಾನೆ. ಹದಿನಾರು ಜನ, ಜಗಲಿ ಮೇಲೆ. 'ಹಬ್ಬದಲ್ಲಿ ಒಂದಾದ ಕುಟುಂಬ.' ಹದಿನಾರೇ ಯಾಕೆ ಅಂತ ಎರಡು ಸಲ ಎಣಿಸಿದೆ. ಫೋಟೊ ತೆಗೆದವಳು ರಶ್ಮಿತಾ ಅಂದುಕೊಂಡೆ. ಅಲ್ಲ, ಅವಳು ಮುಂದಿನ ಸಾಲಿನಲ್ಲಿದ್ದಾಳೆ, ಕೈ ಉದ್ದ ಮಾಡಿ ಅವಳೇ ತೆಗೆದಿದ್ದಾಳೆ. ಇಲ್ಲದವಳು ನೇತ್ರಾ.

ಫೋಟೊ ತೆಗೆಯುವಾಗ ನಾನೂ ಕರೆಯಲಿಲ್ಲ.

ಅಣ್ಣನಿಗೆ ಬೈಯಲು ಫೋನ್ ಎತ್ತಿದೆ. ಏನಂತ ಬೈಯಲಿ? ಇಟ್ಟೆ. ಎರಡೇ ನಿಮಿಷಕ್ಕೆ ಅವನೇ ಮಾಡಿದ. ದನಿ ಇಳಿದಿತ್ತು. "ನಿಮ್ ಅತ್ತಿಗೇನ ಕೇಳ್ದೆ ಕಣೋ, ನಿಂಗೇನಿಷ್ಟ ಅಂತ. ಹುಷಾರಾಗಿದೀರಾ, ಬಿಪಿ ನೋಡ್ಲಾ ಅಂದ್ಲು."

ನನಗೆ ನಗು ಬರಲಿಲ್ಲ. ಅವನಿಗೂ.

ಸೆಪ್ಟೆಂಬರ್ 25, ಗುರುವಾರ, ಸಂಜೆ

ಮೂರು ದಿನದಿಂದ ನೇತ್ರಾಳನ್ನು ಗಮನಿಸುತ್ತಿದ್ದೇನೆ. ಏನೂ ಸಿಗುತ್ತಿಲ್ಲ. ನಾನು ಮನೆಯಲ್ಲಿರುವಾಗ ಅವಳು ತಿನ್ನುವುದೇ ಇಲ್ಲ. ಬಡಿಸುತ್ತಾಳೆ, ಒರೆಸುತ್ತಾಳೆ, ಎತ್ತಿಡುತ್ತಾಳೆ. ಜೊತೆಗೆ ಕೂತುಕೋ ಅಂದರೆ ಆಮೇಲೆ ಅನ್ನುತ್ತಾಳೆ. ನಿನ್ನೆ ಗದರಿಸಿಯೇ ಹೇಳಿದೆ, ಕೂತುಕೋ ಅಂತ. ಗದರಿಸಿದ್ದು ತಪ್ಪು. ಕೂತಳು, ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು.

ಇವತ್ತು ಸೀದಾ ಕೇಳಿದೆ. "ನೋಡು, ನಂಗೆ ಗೊತ್ತಿಲ್ಲ. ನೀನೇ ಹೇಳ್ಬುಡು. ನಿಂಗೇನಿಷ್ಟ?"

"ಹಬ್ಬ ಮುಗೀತಲ್ಲ, ಇನ್ನೂ ಅದೇ ರಾಗ ಯಾಕ್ರೀ?"

"ಹೇಳೇ ಮಾರಾಯ್ತಿ."

ಸೌಟು ಕೆಳಗಿಟ್ಟಳು. "ಶಾವಿಗೆ..." ಅಂದಳು. ನಿಂತಳು. "ಅಲ್ಲ, ಅದು ನಮ್ಮಪ್ಪನಿಗೆ." ಇನ್ನಷ್ಟು ಯೋಚಿಸಿದಳು. "ಹಲಸಿನಹಣ್ಣಿನ ಕಡುಬು... ಅದು ಪೂಜಿಗೆ." ಒಲೆಯ ಮೇಲಿನ ಸಾರು ಕುದಿದು ಉಕ್ಕಿತು, ನೋಡಲಿಲ್ಲ. ನಾನೇ ಒಲೆ ಆರಿಸಿದೆ.

"ನಂಗೂ ಗೊತ್ತಾಗ್ತಿಲ್ಲ ಕಣ್ರೀ" ಅಂದಳು. ಕಣ್ಣು ತುಂಬಿತ್ತು. ಅದನ್ನು ನಾನು ನೋಡಿದೆನೆಂದು ಸಿಟ್ಟು ಬಂತು ಅವಳಿಗೆ. "ಹೋಗ್ರೀ ಆಚೆ! ಇಷ್ಟು ವರ್ಷ ಇಲ್ದಿದ್ದು ಈಗ ಬಂದ್ಬುಟ್ರು ಕೇಳೋಕೆ!"

ಬಂದು ಇಲ್ಲಿ ಕೂತಿದ್ದೇನೆ. ಹೊಸ ಪುಟ ತೆಗೆದೆ. ನೇತ್ರಾವತಿ ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಅವಳು ಬೈದದ್ದು ಸರಿಯಾಗಿದೆ. ಇನ್ನೂ ಬೈಯಬೇಕಿತ್ತು. ಮೂವತ್ತು ವರ್ಷ ಆಳುಗಳ ಹಾಜರಿ ಒಂದು ದಿನ ತಪ್ಪದೆ ಬರೆದವನು ನಾನು, ಎದುರಿಗೆ ನಿಂತು ಬಡಿಸಿದವಳನ್ನು

ಒಳಗೆ ಪಾತ್ರೆ ಸದ್ದು ನಿಂತಿದೆ. ಬಾಗಿಲಿಗೆ ಬಂದು ನಿಂತಿದ್ದಾಳೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ.

"ಒಂದು ನೆನಪಾಯ್ತು. ನಗಬಾರ್ದು" ಅಂದಳು.

ಹೇಳು, ಬರೆದುಕೊಳ್ಳುತ್ತೇನೆ ಅಂದೆ.

"ಬರೆಯೋದು ಇರ್ಲಿ. ಮೊದ್ಲು ಆ ಪೆನ್ನು ಕೆಳಗಿಟ್ಟು ಈ ಕಡೆ ನೋಡಿ" ಅನ್ನುತ್ತಿದ್ದಾಳೆ. ಸರಿ, ಇ